ಎಂಟಿಂಚಿನ ನಕ್ಷತ್ರ, ಅರ್ಧ ಇಂಚಿನ ಗ್ರಹ

ನಮ್ಮ ಸೌರಮಂಡಲದ ಆಚೆ, ಟ್ರ್ಯಾಪಿಸ್ಟ್-1 ಎಂಬ ನಕ್ಷತ್ರವನ್ನು ಸುತ್ತುವ ಟ್ರ್ಯಾಪಿಸ್ಟ್-1ಇ ಎಂಬ ಗ್ರಹವನ್ನು ಯಾರೂ ಕಣ್ಣಾರೆ ನೋಡಿಲ್ಲ. ಪತ್ರಿಕೆಗಳಲ್ಲಿ ಬರುವ ನೀಲಿ ಕಡಲು, ಕೆಂಪು ಸೂರ್ಯನ ಚಿತ್ರಗಳೆಲ್ಲ ಕಲಾವಿದರು ಬರೆದವು. ನಿಜವಾಗಿ ಕೈಗೆ ಸಿಕ್ಕಿದ್ದು ಒಂದು ಗ್ರಾಫು. ನಕ್ಷತ್ರದ ಬೆಳಕು 6.1 ದಿನಕ್ಕೊಮ್ಮೆ ಶೇಕಡಾ ಅರ್ಧದಷ್ಟು ಇಳಿಯುತ್ತದೆ. ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ಹಾಗೇ ಇರುತ್ತದೆ. ಆಮೇಲೆ ಮೊದಲಿನಂತಾಗುತ್ತದೆ. ಗ್ರಹ ಅಡ್ಡ ಬಂತು, ಹೋಯಿತು. ಅಷ್ಟೇ.

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಥರ್ಮೋಕೋಲಿನ ಸೌರಮಂಡಲ ಮಾಡೋದಿಲ್ಲ ಅಂತ ಹಟ ಹಿಡಿದಿದ್ದಳು. "ಮಾವ, ಜೀವ ಇರಬಹುದು ಅಂತಾರಲ್ಲ, ಆ ಗ್ರಹ ಮಾಡೋಣ" ಅಂದಳು. ಗ್ರಹ ಮಾಡೋದು ಸುಲಭ. ಮರದ ಮಣಿಗೆ ಬಣ್ಣ ಬಳಿದರೆ ಮುಗಿಯಿತು. ಅದು ಅಲ್ಲಿದೆ ಅಂತ ಗೊತ್ತಾದದ್ದು ಹೇಗೆ ಅನ್ನುವುದನ್ನು ಮಾಡಿ ತೋರಿಸೋದು ಬೇರೆ ಕೆಲಸ. ಆ ಶೇಕಡಾ ಅರ್ಧದ ತಗ್ಗನ್ನು ಮಂಡ್ಯದ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಹಿಡಿಯಲು ಕಟ್ಟಿದ್ದು ಇದು. ಮಾಡಿ ನೋಡುವವರು ಅಳತೆಗಳನ್ನು ಹಾಗೇ ಎತ್ತಿಕೊಳ್ಳಬಹುದು.

ಅಳತೆಯ ಲೆಕ್ಕ

ನಕ್ಷತ್ರಕ್ಕೆ ಕಾಂಪೌಂಡ್ ಗೇಟಿನ ಕಂಬದ ಮೇಲೆ ಕೂರಿಸುವ ಹಾಲುಬಿಳಿ ಗೋಳ. ಎಂಟು ಇಂಚಿನದು, ಅಂದರೆ 203 ಮಿಲಿಮೀಟರ್. ಗಾಜಿನದೂ ಸಿಗುತ್ತದೆ, ಅಕ್ರಿಲಿಕ್‌ನದೂ ಸಿಗುತ್ತದೆ. ಮೈಸೂರಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುವುದಿದ್ದರೆ ಅಕ್ರಿಲಿಕ್ ವಾಸಿ.

ಟ್ರ್ಯಾಪಿಸ್ಟ್-1 ಪುಟ್ಟ ಕೆಂಪು ನಕ್ಷತ್ರ. ಅಡ್ಡಳತೆ ಸುಮಾರು 1,66,000 ಕಿಲೋಮೀಟರ್. ನಮ್ಮ ಗುರುಗ್ರಹಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಇ ಗ್ರಹದ ಅಡ್ಡಳತೆ ಭೂಮಿಯ 0.92ರಷ್ಟು. ಗ್ರಹದ ಅಳತೆಯನ್ನು ನಕ್ಷತ್ರದ್ದರಿಂದ ಭಾಗಿಸಿದರೆ 0.07 ಬರುತ್ತದೆ. ಅದರ ವರ್ಗ 0.005. ಶೇಕಡಾ ಅರ್ಧ ಅನ್ನುವುದು ಬಂದದ್ದು ಇಲ್ಲಿಂದ. ಸೂರ್ಯನ ಮುಂದೆ ಭೂಮಿ ಹಾದರೆ ಇಳಿಯುವುದು ಬರೀ ಶೇಕಡಾ 0.0084. ಪುಟ್ಟ ನಕ್ಷತ್ರಗಳ ಸುತ್ತ ಭೂಮಿಯಂಥ ಗ್ರಹ ಹುಡುಕುವುದು ಯಾಕೆ ಸುಲಭ ಅನ್ನೋದು ಈ ಎರಡು ಅಂಕಿಗಳಲ್ಲೇ ಇದೆ.

ಗೋಳ 203 ಆದರೆ ಮಣಿ 14.35 ಮಿಲಿಮೀಟರ್ ಇರಬೇಕು ಅಂತಾಯಿತು. ಆದರೆ ಇಲ್ಲೊಂದು ತೊಡಕು. ನಿಜವಾದ ನಕ್ಷತ್ರ ಎಷ್ಟು ದೂರ ಅಂದರೆ ಗ್ರಹ, ನಕ್ಷತ್ರ ಎರಡೂ ನಮಗೆ ಒಂದೇ ದೂರದಲ್ಲಿದ್ದ ಹಾಗೆ. ರೂಮಿನಲ್ಲಿ ಹಾಗಲ್ಲ. ಗೋಳದ ನಡುವಿನಿಂದ ಸೆನ್ಸರ್ ಒಂದೂವರೆ ಮೀಟರ್ ದೂರ. ಮಣಿ ಗೋಳದ ಮುಂದೆ, ನಡುವಿನಿಂದ 16 ಸೆಂಟಿಮೀಟರ್ ಈಚೆಗೆ ಹಾಯುತ್ತದೆ. ಸೆನ್ಸರಿಗೆ ಮಣಿಯೇ ಹತ್ತಿರವಾದ್ದರಿಂದ ಅದು ಇರುವುದಕ್ಕಿಂತ ಶೇಕಡಾ 12ರಷ್ಟು ದೊಡ್ಡದಾಗಿ ಕಾಣುತ್ತದೆ. ಮರೆಯಾಗುವ ಬೆಳಕು ಶೇಕಡಾ 25 ಜಾಸ್ತಿ. ಅದನ್ನು ಕಳೆದರೆ ಬೇಕಾದ ಮಣಿ 12.8 ಮಿಲಿಮೀಟರ್. ಅರ್ಧ ಇಂಚು ಅಂದರೆ 12.7. ಲೆಕ್ಕ ಇಷ್ಟು ಚೆನ್ನಾಗಿ ಅಂಗಡಿಯ ಸೈಜಿಗೆ ಬಂದು ಕೂರುವುದು ಅಪರೂಪ. ಚನ್ನಪಟ್ಟಣದ ಮರದ ಮಣಿಗಳ ಸರದಲ್ಲಿ ಅರ್ಧ ಇಂಚಿನವು ಇದ್ದವು. ವರ್ನಿಯರ್ ಕ್ಯಾಲಿಪರ್ ಹಿಡಿದು ಹೆಚ್ಚು ದುಂಡಗಿರುವ ಒಂದನ್ನು ಆರಿಸಿಕೊಂಡೆವು.

ದೂರದ ವಿಷಯದಲ್ಲಿ ಮಾತ್ರ ಅಳತೆ ಕಾಯುವುದು ಸಾಧ್ಯವೇ ಇಲ್ಲ. ಇ ಗ್ರಹ ತನ್ನ ನಕ್ಷತ್ರದಿಂದ ಸುಮಾರು 44 ಲಕ್ಷ ಕಿಲೋಮೀಟರ್ ದೂರದಲ್ಲಿ ಸುತ್ತುತ್ತದೆ. ನಮ್ಮ ಸೂರ್ಯನಿಂದ ಬುಧ ಇರುವ ದೂರಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೂ ನಮ್ಮ ಗೋಳದ ಅಳತೆಗೆ ತಂದರೆ ಮಣಿ 5.4 ಮೀಟರ್ ದೂರದಲ್ಲಿ ಸುತ್ತಬೇಕು. ಗೋಡೆ ದಾಟಿ ಪಕ್ಕದ ಮನೆಯವರ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಹೋಗುತ್ತದೆ. ಇನ್ನು ನೋಡುವ ನಾವು? ಆ ನಕ್ಷತ್ರ ಸುಮಾರು 40 ಜ್ಯೋತಿರ್ವರ್ಷ ದೂರ. ಇದೇ ಅಳತೆಯಲ್ಲಿ ಸೆನ್ಸರನ್ನು ನಾಲ್ಕೂ ಮುಕ್ಕಾಲು ಲಕ್ಷ ಕಿಲೋಮೀಟರ್ ಆಚೆ, ಚಂದ್ರನನ್ನೂ ದಾಟಿ ಇಡಬೇಕು. ಮಂಡ್ಯದ ಗೇಟ್ ಲೈಟಿನ ಮುಂದೆ ಅರ್ಧ ಇಂಚಿನ ಮಣಿ ಹಾದದ್ದನ್ನು ಚಂದ್ರನ ಆಚೆಯಿಂದ ಕಂಡುಹಿಡಿದರು ಅಂದ ಹಾಗಾಯ್ತು. ಅವಳು ಈ ಒಂದು ಸಾಲನ್ನು ಚಾರ್ಟಿನ ಮೇಲೆ ದೊಡ್ಡದಾಗಿ ಬರೆದಿದ್ದಾಳೆ. ಸರಿಯಾಗಿಯೇ ಆರಿಸಿದ್ದಾಳೆ ಅನ್ನಿಸಿತು.

ನಕ್ಷತ್ರವನ್ನು ಸುಮ್ಮನಾಗಿಸುವುದು

ಈ ಪ್ರಾಜೆಕ್ಟಿನಲ್ಲಿ ಗ್ರಹಕ್ಕೆ ಹಿಡಿದ ಹೊತ್ತು ಕಡಿಮೆ. ದೀಪಕ್ಕೆ ಹಿಡಿದದ್ದು ಜಾಸ್ತಿ. ಶೇಕಡಾ ಅರ್ಧದ ಬದಲಾವಣೆ ನೋಡಬೇಕು ಅಂದರೆ ದೀಪ ತಾನಾಗಿ ಅದಕ್ಕಿಂತ ಕಡಿಮೆ ಅಲ್ಲಾಡಬೇಕು. ಮನೆಯ ಕರೆಂಟಿನಲ್ಲಿ ಅದು ಆಗದ ಮಾತು.

ನಮ್ಮ ಬಡಾವಣೆ ಮುಗಿದ ಕೂಡಲೇ ಕಬ್ಬಿನ ಗದ್ದೆಗಳು. ತ್ರೀ ಫೇಸ್ ಬಂದ ತಕ್ಷಣ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಸಾಧಾರಣ 9 ವ್ಯಾಟಿನ ಎಲ್‌ಇಡಿ ಬಲ್ಬು ಹಾಕಿ ಗ್ರಾಫ್ ತೆಗೆದರೆ ವೋಲ್ಟೇಜ್ ಇಳಿದದ್ದು, ಫ್ರಿಜ್ ಶುರುವಾದದ್ದು, ಮೇಲಿನ ಮನೆಯವರು ಮಿಕ್ಸಿ ಹಾಕಿದ್ದು ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಗ್ರಹ ಮಾತ್ರ ಕಾಣುತ್ತಿರಲಿಲ್ಲ. ಜೊತೆಗೆ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಉರಿಯುವ ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಡುಕುತ್ತದೆ. ಕಣ್ಣಿಗೆ ಗೊತ್ತಾಗಲ್ಲ. ಸೆನ್ಸರಿಗೆ ಗೊತ್ತಾಗುತ್ತದೆ.

ಹಾಗಾಗಿ ಮನೆ ಕರೆಂಟನ್ನು ಪೂರ್ತಿ ಬಿಟ್ಟೆವು. ಹಳೇ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಎರಡು 1 ವ್ಯಾಟಿನ ಬಿಳಿ ಎಲ್‌ಇಡಿಗಳು, ಒಂದರ ಹಿಂದೆ ಒಂದು. ನಡುವೆ ಎಲ್‌ಎಂ317. ಈ ಐಸಿಯನ್ನು ಎಲ್ಲರೂ ವೋಲ್ಟೇಜ್ ರೆಗ್ಯುಲೇಟರ್ ಅಂತಲೇ ಬಳಸುತ್ತಾರೆ. ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಒಂದು ರೆಸಿಸ್ಟರ್ ಹಾಕಿ ಅಡ್ಜಸ್ಟ್ ಕಾಲಿನಿಂದ ಎಲ್‌ಇಡಿಗೆ ಕೊಟ್ಟರೆ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. 1.25ನ್ನು ರೆಸಿಸ್ಟರಿನ ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. 5 ಓಮ್ ಹಾಕಿದರೆ 250 ಮಿಲಿ ಆಂಪಿಯರ್. ಮೂರು ಎಲ್‌ಇಡಿ ಹಾಕುವ ಆಸೆ ಬೇಡ. ಮೂರಕ್ಕೆ 9 ವೋಲ್ಟಿನ ಮೇಲೆ ಬೇಕು. ಎಲ್‌ಎಂ317 ತನಗೇ 3 ವೋಲ್ಟ್ ಹತ್ತಿರ ಕೇಳುತ್ತದೆ. ಬ್ಯಾಟರಿ ಸ್ವಲ್ಪ ಇಳಿದರೂ ಹಿಡಿತ ತಪ್ಪುತ್ತದೆ.

ಎಲ್‌ಇಡಿಗಳನ್ನು ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಅಂಟಿಸಿ ಗೋಳದ ಕತ್ತಿನೊಳಗೆ ಇಳಿಸಿದೆವು. ಹೀಟ್‌ಸಿಂಕ್ ಇದ್ದರೂ ಹಚ್ಚಿದ ಮೊದಲ ಅರ್ಧ ಗಂಟೆ ಬೆಳಕು ನಿಧಾನವಾಗಿ ಜಾರುತ್ತಲೇ ಇರುತ್ತದೆ. ಎಲ್‌ಇಡಿ ಬಿಸಿಯಾದಂತೆ ಮಂಕಾಗುತ್ತದೆ. ನಮ್ಮದು ಶೇಕಡಾ ಮೂರರಷ್ಟು ಇಳಿದು ಆಮೇಲೆ ಹೆಚ್ಚೂಕಡಿಮೆ ನಿಂತಿತು. ಅಂದರೆ ಗ್ರಹದ ತಗ್ಗಿಗಿಂತ ಆರು ಪಟ್ಟು. ಪ್ರದರ್ಶನದ ದಿನ ಜನ ಬರುವುದಕ್ಕೆ ಅರ್ಧ ಗಂಟೆ ಮೊದಲೇ ದೀಪ ಹಚ್ಚಿಡಬೇಕು ಅಂತ ಡಬ್ಬದ ಮೇಲೆ ಚೀಟಿ ಅಂಟಿಸಿದೆ.

ನಿಜವಾದ ನಕ್ಷತ್ರಗಳೂ ಹೀಗೇ ಕಾಟ ಕೊಡುತ್ತವೆ. ಟ್ರ್ಯಾಪಿಸ್ಟ್-1ರ ಮೇಲೆ ಕಲೆಗಳಿವೆ, ಅದು ತಿರುಗುವಾಗ ಬೆಳಕು ಏರುಪೇರಾಗುತ್ತದೆ. ಆಗಾಗ ಸಿಡಿಯುತ್ತದೆ. ಅಲ್ಲಿ ಎಲ್‌ಎಂ317 ಹಾಕುವ ಹಾಗಿಲ್ಲ.

ಸೆನ್ಸರ್

ಶಾಲೆಯ ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಬೋರ್ಡು) ಕಿಟ್ಟಿನಲ್ಲಿ ಎಲ್‌ಡಿಆರ್ ಇತ್ತು, ಅಂದರೆ ಬೆಳಕು ಬಿದ್ದಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ. ಅದರಿಂದಲೇ ಆಗಬಹುದಾ ಅಂತ ಅವಳಿಗೆ ಆಸೆ. ಆರ್ಡುಯಿನೊ ಯುನೊ ಬೆಳಕನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಓದು 700ರ ಹತ್ತಿರ ಇದ್ದರೆ ಅದರ ಶೇಕಡಾ ಅರ್ಧ ಅಂದರೆ ಮೂರೂವರೆ ಅಂಕಿ. ಎಲ್‌ಡಿಆರ್‌ನ ಸ್ವಭಾವಕ್ಕೆ ಅದು ಒಂದೆರಡಕ್ಕೆ ಇಳಿಯುತ್ತದೆ. ಸುಮ್ನೆ ಕೂತಾಗಲೇ ಅಷ್ಟು ಅಲ್ಲಾಡುತ್ತದೆ ಅದು. ಬಿಎಚ್1750 ಅನ್ನೋ ಲಕ್ಸ್ ಮೀಟರ್ (ಬೀಳುವ ಬೆಳಕನ್ನು ಅಳೆಯುವ) ಬೋರ್ಡು ಅಗ್ಗ, ಬಳಸಲು ಸುಲಭ. ಆದರೆ ಒಂದೂವರೆ ಮೀಟರ್ ದೂರದಲ್ಲಿ ನಮ್ಮ ಗೋಳ ಕೊಡುವ ಬೆಳಕು 5 ಲಕ್ಸ್ ಹತ್ತಿರ. ಅದರ ಶೇಕಡಾ ಅರ್ಧವನ್ನು ಆ ಬೋರ್ಡು ಬಿಡಿಸಿ ಓದಲಾರದು.

ಕೊನೆಗೆ ನಿಂತದ್ದು ಬಿಪಿಡಬ್ಲ್ಯು34 ಫೋಟೋಡಯೋಡ್. ಬೆಳಕು ಬಿದ್ದಷ್ಟೂ ನೇರ ಲೆಕ್ಕದಲ್ಲಿ ಕರೆಂಟ್ ಕೊಡುತ್ತದೆ. ನಮ್ಮ 5 ಲಕ್ಸಿಗೆ ಬರುವುದು ಸುಮಾರು 40 ನ್ಯಾನೊ ಆಂಪಿಯರ್. ಇದನ್ನು 10 ಮೆಗಾಓಮ್ ರೆಸಿಸ್ಟರ್ ಹಾಕಿದ ಆಪ್-ಆಂಪಿನ (ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಐಸಿ) ಮೂಲಕ ವೋಲ್ಟೇಜ್ ಮಾಡಿದರೆ 0.4 ವೋಲ್ಟ್. ಆಪ್-ಆಂಪ್ ಅಂದ ಕೂಡಲೇ ಅಂಗಡಿಯವರು ಎಲ್‌ಎಂ358 ಎತ್ತಿ ಕೊಡುತ್ತಾರೆ. ಇಲ್ಲಿ ಅದು ಬೇಡ. ಅದರ ಇನ್‌ಪುಟ್ ಕಾಲು ತಾನೇ ಕೆಲವು ಹತ್ತು ನ್ಯಾನೊ ಆಂಪಿಯರ್ ಹರಿಸುತ್ತದೆ. ನಮ್ಮ ಇಡೀ ನಕ್ಷತ್ರವೇ 40. ಎಂಸಿಪಿ6002 ಕೇಳಿ ತರಿಸಿಕೊಳ್ಳಿ, ಅದರದ್ದು ಪಿಕೊ ಆಂಪಿಯರ್ ಲೆಕ್ಕ. ಮಂಡ್ಯದಲ್ಲಿ ಸಿಗಲಿಲ್ಲ, ಮೈಸೂರಿನ ಅಂಗಡಿಯವರು ಬೆಂಗಳೂರಿನಿಂದ ತರಿಸಿಕೊಟ್ಟರು.

ಡಯೋಡಿನ ಆನೋಡ್ ಗ್ರೌಂಡಿಗೆ, ಕ್ಯಾಥೋಡ್ ಆಪ್-ಆಂಪಿನ ಮೈನಸ್ ಇನ್‌ಪುಟ್ಟಿಗೆ, ಪ್ಲಸ್ ಇನ್‌ಪುಟ್ ಗ್ರೌಂಡಿಗೆ. ತಿರುಗಾಮುರುಗಾ ಆದರೆ ಏನೂ ಸುಡುವುದಿಲ್ಲ, ಔಟ್‌ಪುಟ್ ಸೊನ್ನೆಗೆ ಅಂಟಿಕೊಂಡು ಕೂರುತ್ತದೆ. 10 ಮೆಗಾಓಮ್‌ಗೆ ಜೋಡಿಯಾಗಿ 10 ನ್ಯಾನೊಫ್ಯಾರಡ್ ಕೆಪಾಸಿಟರ್. ಹತ್ತನೇ ಒಂದು ಸೆಕೆಂಡಿಗಿಂತ ಬೇಗ ಆಗುವ ಗಲಾಟೆಯನ್ನು ಅದು ನುಂಗಿಕೊಳ್ಳುತ್ತದೆ. ಬೆಸುಗೆ ಮುಗಿದ ಮೇಲೆ ಉಳಿಯುವ ಫ್ಲಕ್ಸನ್ನು (ಬೆಸುಗೆ ಹಿಡಿಯಲು ಹಚ್ಚುವ ಅಂಟು) ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ ತೆಗೆಯಲೇಬೇಕು. ನಾಲೆ ಬಯಲಿನ ಊರು, ಗಾಳಿಯಲ್ಲೇ ತೇವ. ಫ್ಲಕ್ಸ್ ತೇವ ಹಿಡಿದರೆ 10 ಮೆಗಾಓಮ್ ಪಕ್ಕದಲ್ಲೇ ಕರೆಂಟಿಗೆ ಕಳ್ಳದಾರಿ ಸಿಗುತ್ತದೆ.

ಓದುವುದಕ್ಕೆ ಎಡಿಎಸ್1115, ವೋಲ್ಟೇಜನ್ನು ಅಂಕಿಯಾಗಿ ಮಾಡುವ ಬೋರ್ಡು, 16 ಬಿಟ್ಟಿನದು. ಅದರ ರೇಂಜನ್ನು 0.512 ವೋಲ್ಟಿಗೆ ಇಟ್ಟರೆ ನಮ್ಮ 0.4 ವೋಲ್ಟ್ ಸುಮಾರು 25,600 ಅಂಕಿಯಾಗಿ ಬರುತ್ತದೆ. ಅದರ ಶೇಕಡಾ ಅರ್ಧ 128. ಗಲಾಟೆ, ಅಂದರೆ ಓದು ತಾನಾಗಿ ಅಲ್ಲಾಡುವುದು, ಆರೇಳು ಅಂಕಿ. ಮೂರೂವರೆಯಿಂದ 128ಕ್ಕೆ ಬಂದೆವಲ್ಲ, ಆಮೇಲೆ ಕೆಲಸ ಮಾಡುವ ಹುಮ್ಮಸ್ಸೇ ಬೇರೆ.

ಡಯೋಡನ್ನು ಒಂದೂವರೆ ಇಂಚಿನ ಪಿವಿಸಿ ಪೈಪಿನ ಕೊನೆಯಲ್ಲಿ ಕೂರಿಸಿದ್ದೇವೆ. ಪೈಪಿನ ಉದ್ದ 20 ಸೆಂಟಿಮೀಟರ್. 30 ಇಟ್ಟರೆ ಗೋಳದ ಅಂಚು ಕತ್ತರಿಸಿ ಹೋಗುತ್ತದೆ. ಒಳಗೆಲ್ಲ ಬ್ಲ್ಯಾಕ್‌ಬೋರ್ಡ್ ಪೇಂಟ್.

ಕರಿ ಕಂಬಳಿ

ಗೋಳದ ಹಿಂದೆ ಸುಣ್ಣದ ಬಿಳಿ ಗೋಡೆ ಇದ್ದಾಗ ತಗ್ಗು ಶೇಕಡಾ 0.43 ಬರುತ್ತಿತ್ತು. ಮಣಿ ಅದೇ, ದೂರ ಅದೇ. ಗೋಡೆಯಿಂದ ವಾಪಸ್ ಬರುವ ಬೆಳಕೂ ಪೈಪಿನೊಳಗೆ ಹೋಗುತ್ತಿತ್ತು, ಮಣಿ ಅದನ್ನು ಮರೆ ಮಾಡುವುದಿಲ್ಲ. ಒಟ್ಟು ಬೆಳಕು ಹೆಚ್ಚಿ ತಗ್ಗು ಸಣ್ಣದಾಗಿ ತೋರಿತು. ಅಮ್ಮನ ಕರಿ ಕಂಬಳಿ ತಂದು ಹಿಂದೆ ಇಳಿಬಿಟ್ಟ ಮೇಲೆ 0.49ಕ್ಕೆ ಬಂತು. ನಮ್ಮ ಲೆಕ್ಕವೂ 0.49.

ಇದು ಬರೀ ರೂಮಿನ ತಕರಾರಲ್ಲ. ದೂರದರ್ಶಕದಲ್ಲಿ ಒಂದೇ ಚುಕ್ಕೆಯಾಗಿ ಕಾಣುವುದು ಎಷ್ಟೋ ಸಲ ಅಕ್ಕಪಕ್ಕದ ಎರಡು ನಕ್ಷತ್ರಗಳು. ಪಕ್ಕದ್ದರ ಬೆಳಕು ಸೇರಿಕೊಂಡರೆ ತಗ್ಗು ಕಡಿಮೆ ಕಾಣುತ್ತದೆ. ಗ್ರಹ ಇರುವುದಕ್ಕಿಂತ ಚಿಕ್ಕದು ಅಂತ ಲೆಕ್ಕ ಬರುತ್ತದೆ. ಗುರುವಿನಂಥ ಗಾಳಿಯ ಉಂಡೆಯನ್ನು ಭೂಮಿಯಂಥ ಕಲ್ಲಿನ ಗ್ರಹ ಅಂದುಕೊಳ್ಳುವ ಅಪಾಯ ಇರುವುದು ಇಲ್ಲೇ.

ಪೈಪಿನ ಬಾಯಿಗೆ ಮುಚ್ಚಳ ಹಾಕಿದಾಗಲೂ ಸೆನ್ಸರ್ 30 ಅಂಕಿ ತೋರಿಸುತ್ತದೆ. ಅದನ್ನು ಎಲ್ಲ ಓದುಗಳಿಂದ ಕಳೆಯಬೇಕು.

ಗ್ರಹವನ್ನು ತೂಗುಹಾಕುವುದು

ಮಣಿಯನ್ನು ಏನಕ್ಕೆ ಸಿಕ್ಕಿಸುವುದು? ಮೊದಲು ಹೊಳೆಯುವ ಉಪಾಯ ತಂತಿ. 1 ಮಿಲಿಮೀಟರ್ ತಂತಿ ಗೋಳದ ಮುಂದೆ 10 ಸೆಂಟಿಮೀಟರ್ ಇಳಿದರೆ ಅದು ಮುಚ್ಚುವ ಜಾಗ 100 ಚದರ ಮಿಲಿಮೀಟರ್. ನಮ್ಮ ಮಣಿ ಮುಚ್ಚುವುದು ಸುಮಾರು 127. ತಂತಿಯೇ ಇನ್ನೊಂದು ಗ್ರಹ ಆಯ್ತು, ಅಲ್ವಾ? ಯೂಟ್ಯೂಬಿನಲ್ಲಿ ಇಂಥ ಮಾದರಿ ತುಂಬ ಇವೆ. ದಪ್ಪ ಕಡ್ಡಿಗೆ ದೊಡ್ಡ ಚೆಂಡು ಸಿಕ್ಕಿಸಿ ಗ್ರಾಫಿನಲ್ಲಿ ಶೇಕಡಾ 20ರ ಹಳ್ಳ ತೋರಿಸುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಆದರೆ ನಿಜವಾದ ಕಷ್ಟ ಏನು ಅನ್ನುವುದು ಅದರಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ.

ನಾವು ಬಳಸಿದ್ದು 0.15 ಮಿಲಿಮೀಟರಿನ ಮೀನು ಗಾಳದ ನೈಲಾನ್ ದಾರ. ಮಣಿಯ ತೂತಿನಲ್ಲಿ ದಾರ ಪೋಣಿಸಿ, ಒಂದು ತೊಟ್ಟು ಅಂಟು ಹಾಕಿ ನಡುವೆ ನಿಲ್ಲಿಸಿ, ದಾರದ ತುದಿಗೆ ಗೋಳಕ್ಕಿಂತ ಕೆಳಗೆ ಒಂದು ನಟ್ಟು ಕಟ್ಟಿದೆವು. ನಟ್ಟಿನ ಭಾರಕ್ಕೆ ಮಣಿ ತೂಗಾಡುವುದಿಲ್ಲ. ಮೇಲೆ ಹಳೇ ಕೊಡೆಯ ಕಡ್ಡಿ. ಅದರ ಒಂದು ತುದಿಗೆ ಮಣಿಯ ದಾರ. ಇನ್ನೊಂದು ತುದಿಗೂ ಅದೇ ದಾರ, ಅದೇ ನಟ್ಟು, ಮಣಿ ಮಾತ್ರ ಇಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಅಡ್ಡ ಹಾಯುತ್ತದೆ: ಮಣಿ ಸಮೇತ ದಾರ, ಅರ್ಧ ಸುತ್ತಿನ ಮೇಲೆ ಬರೀ ದಾರ. ಬರೀ ದಾರದ ತಗ್ಗು ಶೇಕಡಾ 0.05, ಅದೂ ಅಂಚುಗಳಲ್ಲಿ ಕಡಿಮೆ, ನಡುವೆ ಜಾಸ್ತಿ. ಯಾಕೆಂದರೆ ದುಂಡಗಿನ ಗೋಳದ ನಡುವೆ ಹಾಯುವಾಗ ದಾರದ ಹೆಚ್ಚು ಉದ್ದ ಅಡ್ಡ ಬರುತ್ತದೆ. ಇದನ್ನು ಮಣಿಯ ತಗ್ಗಿನಿಂದ ಕಳೆದರೆ ಉಳಿಯುವುದೇ ಗ್ರಹ.

ಮಣಿಗೂ ಬ್ಲ್ಯಾಕ್‌ಬೋರ್ಡ್ ಪೇಂಟ್ ಬಳಿದದ್ದು. ಚನ್ನಪಟ್ಟಣದ ಅರಗಿನ ಹೊಳಪು ನೋಡಲು ಚೆಂದ, ಇಲ್ಲಿ ಉಪದ್ರವ. ಗೋಳದ ಬೆಳಕನ್ನು ಅದು ವಾಪಸ್ ಸೆನ್ಸರಿಗೆ ಹೊಡೆಯುತ್ತದೆ.

ತಿರುಗಿಸುವುದಕ್ಕೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ 28ಬಿವೈಜೆ-48 ಸ್ಟೆಪ್ಪರ್ ಮೋಟಾರು, ಅದನ್ನು ನಡೆಸಲು ಯುಎಲ್‌ಎನ್2003 ಬೋರ್ಡು. ಅರ್ಧ ಹೆಜ್ಜೆಯಲ್ಲಿ ನಡೆಸಿದರೆ ಸುತ್ತಿಗೆ 4096 ಹೆಜ್ಜೆ. ಒಂದು ಸುತ್ತಿಗೆ ಮೂರು ನಿಮಿಷ ಇಟ್ಟಿದ್ದೇವೆ, ಅದಕ್ಕಿಂತ ಜೋರಾದರೆ ದಾರ ನಡುಗುತ್ತದೆ. ಮೋಟಾರಿಗೆ ಬೇರೆಯದೇ 5 ವೋಲ್ಟ್ ಕೊಡಿ. ಸೆನ್ಸರಿನ ಜೊತೆ ಹಂಚಿಕೊಂಡರೆ ಪ್ರತಿ ಹೆಜ್ಜೆಯೂ ಗ್ರಾಫಿನಲ್ಲಿ ಮೂಡುತ್ತದೆ.

ಮೋಟಾರು ಗೋಳದ ಮೇಲೆ ನೇತಾಡುವಂತೆ ಮರದ ಚೌಕಟ್ಟು ಬೇಕಿತ್ತು. ಬೀದಿಯ ಕೊನೆಯ ಆಚಾರಣ್ಣ ಮಾಡಿಕೊಟ್ಟರು. ತಂದು ಜೋಡಿಸುವಾಗ ದೀಪ, ಕಂಬಳಿ, ತೂಗುವ ಕಪ್ಪು ಮಣಿ ನೋಡಿ "ಏನ್ ಸಾಮಿ, ಮಾಟ ಗೀಟ ಮಾಡ್ಸೀರಾ ಹೆಂಗೆ?" ಅಂದರು. ಬೇರೆ ಲೋಕ ಹುಡುಕ್ತಿದೀವಿ ಆಚಾರಣ್ಣ ಅಂದರೆ, "ಸಿಕ್ರೆ ನಂಗೂ ಒಂದು ಸೈಟ್ ಹೇಳಿ" ಅಂತ ದುಡ್ಡು ಎಣಿಸಿಕೊಂಡು ಹೋದರು.

ಅಂದುಕೊಳ್ಳದೆ ಸಿಕ್ಕಿದ್ದು ಒಂದಿದೆ. ದಾರ ಕಡ್ಡಿಗೆ ಕಟ್ಟಿರುವುದರಿಂದ ಮಣಿ ಸುತ್ತುವಾಗ ಅದರ ಒಂದೇ ಮುಖ ಸದಾ ದೀಪದ ಕಡೆ ಇರುತ್ತದೆ. ಇ ಗ್ರಹವೂ ಬಹುಶಃ ಹೀಗೇ ಇದೆ ಅಂತ ವಿಜ್ಞಾನಿಗಳ ಅಂದಾಜು. ನಕ್ಷತ್ರಕ್ಕೆ ಅಷ್ಟು ಹತ್ತಿರ ಇದ್ದರೆ ಅದರ ಸೆಳೆತಕ್ಕೆ ಗ್ರಹದ ತಿರುಗುವಿಕೆ ಕಟ್ಟುಬೀಳುತ್ತದೆ, ನಮ್ಮ ಚಂದ್ರನಿಗೆ ಆದ ಹಾಗೆ. ಒಂದು ಕಡೆ ಯಾವಾಗಲೂ ಹಗಲು, ಇನ್ನೊಂದು ಕಡೆ ಯಾವಾಗಲೂ ರಾತ್ರಿ. ಹಗಲಿನ ಮುಖಕ್ಕೆ ಅವಳು ಸೀಮೆಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟಳು.

ದೀಪದ ಹುಳ

ಮಳೆಗಾಲ. ಗದ್ದೆ ಕಡೆಯಿಂದ ದೀಪಕ್ಕೆ ಹುಳ ಬರುತ್ತವೆ. ಗೋಳದ ಮೇಲೆ ಒಂದು ಕೂತರೆ ಗ್ರಾಫಿನಲ್ಲಿ ಚೊಕ್ಕವಾದ ತಗ್ಗು. ಅವಳು ಒಂದು ಸಂಜೆ "ಮಾವ, ಇನ್ನೊಂದು ಗ್ರಹ!" ಅಂತ ಕೂಗಿದಳು. ಹೋಗಿ ನೋಡಿದರೆ ರೆಕ್ಕೆಹುಳ.

ಕಿಟಕಿಗೆ ಜಾಲರಿ ಹಾಕಬಹುದಿತ್ತು. ಬೇಡ ಅಂದೆ. ಹುಳ ಯಾವುದು, ಗ್ರಹ ಯಾವುದು ಅಂತ ಗ್ರಾಫ್ ನೋಡಿಯೇ ಹೇಳಬೇಕು ಅಂತ ಪಂದ್ಯ ಕಟ್ಟಿದೆವು. ಗ್ರಹದ ತಗ್ಗು ಮೂರು ನಿಮಿಷಕ್ಕೆ ಸರಿಯಾಗಿ ಬರುತ್ತದೆ, ಪ್ರತಿ ಸಲ ಅಷ್ಟೇ ಆಳ, ಅಷ್ಟೇ ಅಗಲ. ಹುಳಕ್ಕೆ ಆ ಶಿಸ್ತಿಲ್ಲ. ಒಂದು ತಗ್ಗು ಕಂಡರೆ ಸುದ್ದಿಯಲ್ಲ, ಎರಡರಿಂದ ಅಂತರ ಗೊತ್ತಾಗುತ್ತದೆ, ಮೂರನೆಯದು ಅದೇ ಅಂತರಕ್ಕೆ ಬಂದರೆ ನಂಬಬಹುದು. ಕೆಪ್ಲರ್ ದೂರದರ್ಶಕದ ಹುಡುಕಾಟದಲ್ಲೂ ಕನಿಷ್ಠ ಮೂರು ತಗ್ಗು ಬೇಕಿತ್ತು.

ಟ್ರ್ಯಾಪಿಸ್ಟ್-1ರ ಕಥೆಯಲ್ಲೇ ಇಂಥದ್ದೊಂದು ಇದೆ. 2016ರಲ್ಲಿ ಬೆಲ್ಜಿಯಂನ ಖಗೋಳ ವಿಜ್ಞಾನಿ ಮಿಕಾಯೆಲ್ ಗಿಯೋನ್ ಅವರ ತಂಡ ಮೂರು ಗ್ರಹ ಅಂತ ಪ್ರಕಟಿಸಿತು. ಮೂರನೆಯದರ ತಗ್ಗುಗಳ ಅಂತರ ಮಾತ್ರ ಸರಿಹೊಂದುತ್ತಿರಲಿಲ್ಲ. ಸ್ಪಿಟ್ಜರ್ ದೂರದರ್ಶಕ 20 ದಿನ ಹೆಚ್ಚೂಕಡಿಮೆ ಎಡೆಬಿಡದೆ ನೋಡಿದ ಮೇಲೆ ಗೊತ್ತಾಯಿತು, ಒಂದು ಅಂದುಕೊಂಡದ್ದು ಹಲವು ಗ್ರಹಗಳ ತಗ್ಗು. 2017ರ ಫೆಬ್ರವರಿಯಲ್ಲಿ ಲೆಕ್ಕ ಏಳಕ್ಕೆ ಏರಿತು. ಆ ಮೊದಲ ಕೆಲಸದಲ್ಲಿ ಲಡಾಖಿನ ಹಾನ್ಲೆಯ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದ ಪಾಲೂ ಇತ್ತು. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದಲ್ಲಿ. ಇದು ಚಾರ್ಟಿನಲ್ಲಿ ಬರಲೇಬೇಕು ಅಂತ ನಾನೇ ಜೋರು ಮಾಡಿದೆ.

ಗ್ರಾಫ್ ಬಂದ ಮೇಲೆ

ಆರ್ಡುಯಿನೊ ಸೆಕೆಂಡಿಗೆ 8 ಓದು ಕಳಿಸುತ್ತದೆ. ಅದನ್ನು ಲಿಬ್ರೆ ಆಫೀಸ್ ಶೀಟಿಗೆ ಹಾಕಿ, ತಗ್ಗುಗಳ ಹೊರಗಿನ ಭಾಗಕ್ಕೆ ಒಂದು ಗೆರೆ ಹೊಂದಿಸಿ, ಎಲ್ಲವನ್ನೂ ಆ ಗೆರೆಯಿಂದ ಭಾಗಿಸಿದರೆ ದೀಪದ ಜಾರಿಕೆ ಹೋಗುತ್ತದೆ. ಆಮೇಲೆ ಸುತ್ತುಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ. ಕೊನೆಗೆ ಸಿಕ್ಕಿದ ತಗ್ಗು ಶೇಕಡಾ 0.49. ತಳ ಸಮತಟ್ಟು. ನಿಜವಾದ ನಕ್ಷತ್ರದಲ್ಲಿ ತಳ ಸ್ವಲ್ಪ ಬಟ್ಟಲಿನ ಹಾಗೆ ಬಾಗಿರುತ್ತದೆ, ಯಾಕೆಂದರೆ ನಕ್ಷತ್ರದ ಅಂಚು ನಡುವಿಗಿಂತ ಮಂಕು. ನಮ್ಮ ಅಕ್ರಿಲಿಕ್ ಗೋಳ ಎಲ್ಲ ಕಡೆ ಒಂದೇ ಸಮ ಬೆಳಗುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಪ್ರದರ್ಶನದಲ್ಲಿ ಹೇಳಬೇಕು ಅಂತ ಅವಳಿಗೆ ಹೇಳಿಕೊಟ್ಟಿದ್ದೇನೆ. ನಮ್ಮ ಮೂರು ನಿಮಿಷದ ಸುತ್ತಿನಲ್ಲಿ ಮಣಿ 36 ಸೆಕೆಂಡ್ ಅಡ್ಡ ಇರುತ್ತದೆ. ದೂರವೂ ಅಳತೆಗೆ ಸರಿಯಿದ್ದಿದ್ದರೆ ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಅಷ್ಟೇ. ಮತ್ತೆ ಆ 5.4 ಮೀಟರ್ ಕಡ್ಡಿ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ವಾಲಿದರೆ ಸಾಕು, ಮಣಿ ಗೋಳದ ಮೇಲೋ ಕೆಳಗೋ ಹಾದು ಹೋಗುತ್ತದೆ. ತಗ್ಗೇ ಇರುವುದಿಲ್ಲ. ಗ್ರಹಗಳಿದ್ದೂ ನಮಗೆ ಈ ದಾರಿಯಲ್ಲಿ ಸಿಗದ ನಕ್ಷತ್ರಗಳೇ ಹೆಚ್ಚು.

ಜನ ಕೇಳುವ ಪ್ರಶ್ನೆ ಇದ್ಯಾವುದೂ ಅಲ್ಲ. ಅಲ್ಲಿ ಯಾರಾದರೂ ಇದ್ದಾರಾ ಅಂತ. ಅದಕ್ಕೆ ಗ್ರಾಫಿನಿಂದ ಎಷ್ಟು ದೂರ ಹೋಗಬಹುದು ಅನ್ನುವುದನ್ನು ಕಾಗದದ ಮೇಲೆ ಮಾಡಿ ತೋರಿಸುತ್ತಾಳೆ. ತಗ್ಗಿನ ಆಳದಿಂದ ಗ್ರಹದ ಗಾತ್ರ. ತಗ್ಗುಗಳ ಅಂತರ 6.1 ದಿನ, ನಕ್ಷತ್ರದ ತೂಕ ಸೂರ್ಯನ 0.09. ಇವೆರಡನ್ನು ಕೆಪ್ಲರ್‌ನ ಮೂರನೇ ನಿಯಮಕ್ಕೆ (ಸುತ್ತುವ ಕಾಲಕ್ಕೂ ದೂರಕ್ಕೂ ಇರುವ ಸಂಬಂಧ) ಹಾಕಿದರೆ ದೂರ ಬರುತ್ತದೆ: ಸೂರ್ಯನಿಂದ ಭೂಮಿ ಇರುವ ದೂರದ 0.029. ನಕ್ಷತ್ರದ ಬೆಳಕು ಸೂರ್ಯನ ಎರಡು ಸಾವಿರದಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ. ಇಷ್ಟು ಮಂಕು, ಆದರೆ ಇಷ್ಟು ಹತ್ತಿರ. ಕೊನೆಗೆ ಗ್ರಹಕ್ಕೆ ಬೀಳುವ ಬಿಸಿಲು ಭೂಮಿಗೆ ಬೀಳುವುದರ ಮೂರರಲ್ಲಿ ಎರಡು ಪಾಲು. ನೀರು ನೀರಾಗಿಯೇ ಇರಬಹುದಾದ ಜಾಗ ಅನ್ನುವುದು ಇಷ್ಟರ ಮೇಲೆ ನಿಂತಿದೆ. ತೂಕ ಕೂಡ ಗೊತ್ತಾಗಿದೆ, ಸುಮಾರು 0.69 ಭೂಮಿ. ಏಳು ಗ್ರಹಗಳು ಒಂದನ್ನೊಂದು ಎಳೆದಾಡಿ ತಗ್ಗುಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡುತ್ತವೆ, ಅದರಿಂದ ಬಂದ ಲೆಕ್ಕ. ಅಂದರೆ ಕಲ್ಲಿನ ಗ್ರಹ.

ಗಾಳಿ ಇದೆಯಾ? ಅಲ್ಲಿಗೆ ಬಂದು ನಿಂತಿದೆ ಕಥೆ. 50 ಕಿಲೋಮೀಟರ್ ದಪ್ಪದ ಗಾಳಿಯ ಪದರ ನಮ್ಮ ಅರ್ಧ ಇಂಚಿನ ಮಣಿಯ ಮೇಲೆ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು. ನಾವು ಬಳಿದ ಕಪ್ಪು ಪೇಂಟಿನಷ್ಟು ದಪ್ಪ. ಆ ಪದರದೊಳಗಿಂದ ಸೋಸಿ ಬರುವ ಬೆಳಕನ್ನು ಓದಬೇಕು. ಜೇಮ್ಸ್ ವೆಬ್ ದೂರದರ್ಶಕ ಮಾಡುತ್ತಿರುವುದು ಅದನ್ನೇ. ಎಲ್ಲಕ್ಕಿಂತ ಒಳಗಿನ ಬಿ ಗ್ರಹದ ಹಗಲಿನ ಮುಖ 230 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದೆ, ದಪ್ಪ ಗಾಳಿ ಇಲ್ಲ ಅಂತ 2023ರಲ್ಲಿ ಗೊತ್ತಾಯಿತು. ಇ ವಿಷಯದಲ್ಲಿ ನಕ್ಷತ್ರದ ಕಲೆಗಳ ಗಲಾಟೆ ಅಡ್ಡ ಬರುತ್ತಿದೆ, ಇದೆ ಅಂತಲೂ ಇಲ್ಲ ಅಂತಲೂ ತೀರ್ಮಾನ ಆಗಿಲ್ಲ.

ಸಾಸಿವೆ ಕಾಳು

ಇದಾದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದೇ ಗೋಳವನ್ನು ಸೂರ್ಯ ಅಂದುಕೊಂಡರೆ ಭೂಮಿ ಎಷ್ಟಿರಬೇಕು? ಒಂದೂ ಮುಕ್ಕಾಲು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಅಡುಗೆಮನೆಯ ಸಾಸಿವೆ ಕಾಳು. ಒಂದನ್ನು ಬರೀ ದಾರಕ್ಕೆ ಫೆವಿಕಾಲ್ ಹಾಕಿ ಅಂಟಿಸಿದೆವು. 25,600ರಲ್ಲಿ ಅದರ ತಗ್ಗು ಎರಡೇ ಅಂಕಿ. ಗಲಾಟೆ ಆರೇಳು. 36 ಸೆಕೆಂಡಿನ ಓದುಗಳ ಸರಾಸರಿ ತೆಗೆದರೆ ಗಲಾಟೆ ಒಂದಕ್ಕಿಂತ ಕೆಳಗೆ ಇಳಿಯುತ್ತದೆ, ಕಾಗದದ ಲೆಕ್ಕದಲ್ಲಿ ಕಾಳು ಕಾಣಬೇಕು. ಕಾಣಲಿಲ್ಲ. ದೀಪದ ನಿಧಾನದ ಏರಿಳಿತ ಅದಕ್ಕಿಂತ ದೊಡ್ಡದು, ಅದು ಸರಾಸರಿಗೆ ಬಗ್ಗುವುದಿಲ್ಲ.

ಎಂಸಿಪಿ6002ರ ಒಳಗೆ ಎರಡು ಆಪ್-ಆಂಪ್ ಇವೆ. ಒಂದು ಸುಮ್ಮನೆ ಕೂತಿತ್ತು. ಎಡಿಎಸ್1115ರಲ್ಲೂ ನಾಲ್ಕು ಇನ್‌ಪುಟ್. ಇನ್ನೊಂದು ಬಿಪಿಡಬ್ಲ್ಯು34 ತಂದು ಗೋಳದ ಒಳಗೇ ಕೂರಿಸಿದೆವು. ಒಳಗೆ ಬೆಳಕು ತುಂಬ ಜಾಸ್ತಿ, ಹಾಗಾಗಿ 10 ಮೆಗಾಓಮ್ ಬದಲು 33 ಕಿಲೋಓಮ್. ದೀಪ ಏರಿಳಿದರೆ ಎರಡೂ ಡಯೋಡಿಗೆ ಗೊತ್ತಾಗುತ್ತದೆ, ಗ್ರಹ ಅಡ್ಡ ಬಂದರೆ ಹೊರಗಿನದಕ್ಕೆ ಮಾತ್ರ. ಹೊರಗಿನ ಓದನ್ನು ಒಳಗಿನದರಿಂದ ಭಾಗಿಸಿದರೆ ದೀಪದ ಏರಿಳಿತ ಹತ್ತರಲ್ಲೊಂದಕ್ಕೆ ಬಂತು. ಖಗೋಳದವರು ಪಕ್ಕದ ನಕ್ಷತ್ರಗಳನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತಾರಲ್ಲ, ಅದೇ ಕೆಲಸ.

ರಾತ್ರಿಯಿಡೀ ಬಿಟ್ಟು ಸುತ್ತುಗಳನ್ನೆಲ್ಲ ಒಂದರ ಮೇಲೊಂದು ಇಟ್ಟಾಗ ಕಾಳಿನ ಕಡೆ ಏನೋ ಒಂದು ತಗ್ಗಿದೆ. ಆದರೆ ದಾರದ್ದೇ ತಗ್ಗು 13 ಅಂಕಿ, ಕಾಳಿನದು ಎರಡು. ಎರಡೂ ಕಡೆಯ ದಾರ ಒಂದೇ ಲಾಟಿನದಾದರೂ ದಪ್ಪದಲ್ಲಿ ಚೂರು ಹೆಚ್ಚುಕಡಿಮೆ ಇದ್ದರೆ ಕಾಳು ಅದರಲ್ಲೇ ಮುಳುಗುತ್ತದೆ. ಕಂಡಿತು ಅಂತ ಅವಳ ವಾದ, ಇಲ್ಲ ಅಂತ ನನ್ನದು. ಕಾಳನ್ನು ಕಿತ್ತು, ದಾರ ಮುಟ್ಟದೆ, ಇನ್ನೊಂದು ರಾತ್ರಿ ಬರೀ ದಾರವನ್ನೇ ಓಡಿಸಿ ಎರಡನ್ನೂ ಹೋಲಿಸಬೇಕು. ಬ್ಯಾಟರಿ ಚಾರ್ಜಿಗೆ ಹಾಕಿದೆ.